ಅಂಗನವಾಡಿಯ ಹೊಸಿಲು ದಾಟದ ಮಾತು

ಕೆ. ಹೊಸಕೋಟೆಯಲ್ಲಿ ಬಸ್ಸಿಳಿದು ಕಾಫಿ ತೋಟಗಳ ನಡುವಿನ ರಸ್ತೆ ಹಿಡಿದರೆ ಸಿಗುವ ಹಳ್ಳಿಯೊಂದರಲ್ಲಿ ನಾಗರತ್ನಮ್ಮ ಅಂಗನವಾಡಿ ಟೀಚರ್. ಅವರು ಕಲಿಸಿದ ಮಕ್ಕಳ ಮಕ್ಕಳೇ ಈಗ ಅವರ ಚಾಪೆಯ ಮೇಲೆ ಕೂರುತ್ತಾರೆ. ಆಲೂರಿನಲ್ಲಿ ತರಬೇತಿ ಎಂದರೆ ಮೊದಲ ಸಾಲಿನಲ್ಲಿ ಕೂರುವವರು ಅವರು. ಕಲಿತದ್ದನ್ನು ಮರುದಿನವೇ ಪ್ರಯೋಗಿಸುವವರೂ ಅವರೇ. ಬೆರಳಿನಿಂದ ಬಣ್ಣ ಬಳಿಯುವುದನ್ನು ಕಲಿತು ಬಂದ ವಾರ ಊರಿನ ಅರ್ಧ ಗೋಡೆಗಳು ಹಸಿರಾದವು. ಮಗುವಿಗೆ ಆಯ್ಕೆ ಕೊಡಬೇಕೆಂದು ಕಲಿತು ಬಂದ ವಾರ ಮಕ್ಕಳೆಲ್ಲ ಮಧ್ಯಾಹ್ನದ ನಿದ್ದೆ ಬೇಡವೆಂಬುದನ್ನೇ ಆಯ್ದುಕೊಂಡರು.

ಇಂಥವರಿಗೆ ಒಂದೇ ಒಂದು ಪಾಠ ಕಷ್ಟವಾಯಿತು. ಮಗುವಿಗೆ ಅಪಾಯವಿದ್ದರೆ ಮಾತ್ರ ಹೊರಗೆ ಬಾಯಿ ಬಿಡಬಹುದು. ಇಲ್ಲವಾದರೆ ಅದು ಮನೆಯಿಂದ ತಂದ ಮಾತು ಅಂಗನವಾಡಿಯ ಹೊಸಿಲು ದಾಟಬಾರದು ಎಂದು ಮೇಲ್ವಿಚಾರಕಿ ಹೇಳಿದ್ದರು. ಪುಟ್ಟ ಮಕ್ಕಳು ಏನನ್ನೂ ಬಚ್ಚಿಡುವುದಿಲ್ಲ. ಯಾವ ಅಜ್ಜಿ ಕದ್ದು ಬೆಲ್ಲ ತಿನ್ನುತ್ತಾಳೆ, ಯಾವ ಅಪ್ಪ ಜಗಲಿಯ ಮೇಲೆ ಮಲಗಬೇಕಾಯಿತು ಎಂಬುದೆಲ್ಲ ಉಪ್ಪಿಟ್ಟಿನ ಹೊತ್ತಿಗೆ ನಾಗರತ್ನಮ್ಮನವರಿಗೆ ತಿಳಿದು, ಸಂಜೆ ಹಾಲಿನ ಡೇರಿಯ ಮುಂದೆ ಊರಿಗೂ ತಿಳಿಯುತ್ತಿತ್ತು. ತರಬೇತಿಯ ನಂತರ ಅವರು ಹಾಲು ಹಾಕಿ ಸುಮ್ಮನೆ ಮನೆಗೆ ನಡೆಯತೊಡಗಿದರು. ಊರಿಗೆ ಗಾಬರಿಯಾಯಿತು. ಹಿರಿಯಾಕೆ ಮುನಿಯಮ್ಮ ಕಾಳುಮೆಣಸಿನ ಕಷಾಯ ಕಾಯಿಸಿ ತಂದರು.

"ಗಂಟ್ಲು ಕಟ್ಟೈತೇನೋ, ಕುಡಿಯವ್ವ."

"ಗಂಟ್ಲು ಚೆನ್ನಾಗೈತೆ ಕಣಜ್ಜಿ."

"ಹಂಗಾರೆ ಹೊಟ್ಟೇಲಿರಾದು ಹೇಳ್ಬುಡು, ಮಾರಾಯ್ತಿ!"

ನಾಗರತ್ನಮ್ಮ ಕಷಾಯ ಕುಡಿದರು, ಹೇಳಲಿಲ್ಲ.

ಅದಕ್ಕಿಂತ ದೊಡ್ಡ ಪರೀಕ್ಷೆ ತವರಿನಿಂದಲೇ ಬಂತು. ಪಕ್ಕದೂರಿನಲ್ಲಿರುವ ಅವರ ಅಣ್ಣನ ಹೆಂಡತಿ ದೇವೀರಮ್ಮ ತಮ್ಮ ಮಗ ಮೋಹಿತ್‌ಗೆ ಈ ಊರಿನ ಪೂಜಿತಾಳನ್ನು ನೋಡಲು ಒಂದು ಭಾನುವಾರ ಬರುವವರಿದ್ದರು. ಪೂಜಿತಾಳ ಅಣ್ಣನ ಮಗಳು ನವ್ಯಶ್ರೀ ಅಂಗನವಾಡಿಯ ಮಗು. ಅದೇ ವಾರ ಮಕ್ಕಳು ಹೆಣ್ಣು ನೋಡುವ ಆಟ ಹೂಡಿದ್ದರು. ತೆಂಗಿನ ಚಿಪ್ಪುಗಳಲ್ಲಿ ಕಾಫಿ ತಂದ ಹೆಣ್ಣು ನವ್ಯಶ್ರೀ, ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು.

"ನಾನು ನರ್ಸಿಂಗ್ ಓದ್ಬೇಕು! ಮದ್ವೆ ಬೇಕಾರೆ ನೀವೇ ಆಗ್ರಿ! ನಮ್ಮತ್ತೆ ಹಿಂಗೇ ಅಂದ್ಳು!"

ಗಂಡಿನ ಕಡೆಯವರು ಹೆದರಿ ಅಳತೊಡಗಿದರು. ಮಗುವನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಪೂಜಿತಾ ನಾಚಿ ಕೆಂಪಾದಳು. ನಾಗರತ್ನಮ್ಮ ಅವಳ ಮುಖ ನೋಡಿ, "ಚಿಪ್ಪು ಎತ್ತಿಡ್ರಪ್ಪ" ಎಂದಷ್ಟೇ ಮಕ್ಕಳಿಗೆ ಹೇಳಿದರು. ಈ ಪ್ರಸಂಗವನ್ನು ನನಗೆ ತಿಳಿಸಿದವಳು ಸ್ವತಃ ಪೂಜಿತಾ. ನಾಗರತ್ನಮ್ಮನವರಿಂದ ಇಂದಿಗೂ ಒಂದಕ್ಷರ ಹೊರಟಿಲ್ಲ.

ಶನಿವಾರ ದೇವೀರಮ್ಮ ಕರಿದ ಹಲಸಿನ ಹಪ್ಪಳದ ಡಬ್ಬಿ ಹಿಡಿದು ಅಂಗನವಾಡಿಗೇ ಬಂದರು.

"ನಾಗು, ಹುಡ್ಗಿ ಮನೆ ಮಗು ನಿನ್ ತಾವೇ ಐತಲ್ಲ, ಏನಂತದೆ? ಹುಡ್ಗೀಗೆ ಮನ್ಸೈತಾ?"

"ಹುಡ್ಗೀನೇ ಕೇಳಿ, ಅತ್ತಿಗೆ."

"ಎರಡು ಜೀಪಲ್ಲಿ ಜನ ಬತ್ತಾವ್ರೆ ಕಣೇ! ನಾಳೆ ಮುಖಭಂಗ ಆದ್ರೆ ನಿಮ್ಮಣ್ಣನ ಮನೆ ಬಾಗ್ಲು ನಿಂಗಿಲ್ಲ, ತಿಳ್ಕಾ."

"ಯಾವ ಹುಡ್ಗಿ ವಿಷ್ಯ ಆದ್ರೂ ಇದೇ ಹೇಳ್ತಿದ್ದೆ. ಈಗ್ಲೇ ಫೋನ್ ಮಾಡಿ ಕೇಳಿ."

"ಹೆಣ್ಣಿನ ಮನ್ಸು ಕೇಳಕ್ಕೆ ಫೋನಾ? ಚೆನ್ನಾಗೈತೆ ಕಣೇ ನಿನ್ ಟ್ರೈನಿಂಗು!"

ದೇವೀರಮ್ಮ ನೇರವಾಗಿ ನವ್ಯಶ್ರೀಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, "ಪುಟ್ಟಿ, ನಿಮ್ಮತ್ತೆ..." ಎಂದು ಹಪ್ಪಳ ಚಾಚಿದರು. ಮಗು ಹಪ್ಪಳಕ್ಕೆ ಬಾಯಿ ಹಾಕಿತು. ಅದು ಬಾಯಿ ಖಾಲಿ ಮಾಡಿಕೊಳ್ಳುವುದರೊಳಗೆ ನಾಗರತ್ನಮ್ಮ ಅತ್ತಿಗೆಯ ಕೈ ಹಿಡಿದು ಎಬ್ಬಿಸಿ ಗೇಟಿನವರೆಗೂ ನಡೆಸಿದರು.

"ನನ್ನ ಬೇಕಾದ್ದು ಅನ್ನಿ. ಮಗೂನ ಕೇಳಂಗಿಲ್ಲ."

ಭಾನುವಾರ ಜೀಪುಗಳು ಬಂದವು. ಪೂಜಿತಾ ಕಾಫಿ ಕೊಟ್ಟು, ತಟ್ಟೆಯನ್ನು ಮೆಲ್ಲಗೆ ಇಳಿಸಿ, ತನಗೆ ಓದುವುದಿದೆಯೆಂದು ಮೋಹಿತ್‌ಗೇ ಹೇಳಿದಳು. ಕೇಸರಿಬಾತು ಬರುವ ಮೊದಲೇ ಹೇಳಿದಳೆಂಬುದೊಂದೇ ಅವನ ಬೇಸರ. ದೇವೀರಮ್ಮ ಮಾತ್ರ ಕೊಟ್ಟ ಮಾತು ಉಳಿಸಿಕೊಂಡರು: ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ.

"ಸಂಕ್ಟ ಆಯ್ತು ಕಣ್ರೀ, ಇಲ್ಲ ಅನ್ನಲ್ಲ," ಎಂದು ನಾಗರತ್ನಮ್ಮ ನನಗೆ ಹೇಳಿದರು. "ಆದ್ರೆ ಜೀಪು ಬಂದೋದ ಮಾರ್ನೇ ದಿನ, ಸೋಮ್ವಾರ, ನವ್ಯಶ್ರೀ ಬಂದು, ಬ್ಯಾಗ್ ಇಳ್ಸಾಕ್ ಮೊದ್ಲೇ ಹೊಸ ಸುದ್ದಿ ಶುರು ಮಾಡ್ದಳು. ಆ ಮಗು ನನ್ ತಾವ ಬಾಯಿ ಮುಚ್ಕಂಡಿದ್ರೆ ನಾನು ಯಾಕೆ ಟೀಚರ್ ಆಗಿರ್ಬೇಕು?"

ಮುಂದಿನ ಜೂನ್‌ನಲ್ಲಿ ದೇವೀರಮ್ಮ ಮಗಳ ಮಗಳು ಮಂಜುಶ್ರೀಯನ್ನು ಸೊಂಟದ ಮೇಲೆ ಕೂರಿಸಿಕೊಂಡು, ಸ್ವಂತ ಊರಿನ ಅಂಗನವಾಡಿಯನ್ನು ದಾಟಿ, ಇಲ್ಲಿಯವರೆಗೆ ನಡೆದು ಬಂದರು.

"ನಿಮ್ಮೂರಲ್ಲಿ ಅಂಗನವಾಡಿ ಇಲ್ವಾ, ಅತ್ತಿಗೆ?"

"ಐತೆ." ದೇವೀರಮ್ಮ ಮುಖ ಅತ್ತ ತಿರುಗಿಸಿಯೇ ಹೇಳಿದರು. "ಇವ್ಳು ಮನೇಲಿ ಆಗಿದ್ದೆಲ್ಲಾ ಒದರ್ತಾಳೆ. ಎರಡು ಜೀಪು ಬತ್ತಾವೆ ಅಂದ್ರೂ ನಂಗೇ ಹೇಳ್ದೆ ಇದ್ದೋಳು ನೀನು, ಇನ್ಯಾರಿಗೆ ಹೇಳೀಯೆ! ಸೇರಿಸ್ಕಾ."

ಅಷ್ಟರಲ್ಲಿ ಮಂಜುಶ್ರೀ ಚಾಪೆಯ ಮೇಲೆ ಕುಳಿತು, "ನಮ್ಮಜ್ಜಿ ಬೆಳಿಗ್ಗೆ ತಾತಂಗೆ..." ಎಂದು ರಾಗ ಎಳೆದಳು. ದೇವೀರಮ್ಮ ಅತ್ತ ಧಾವಿಸಿದರು. ನಾಗರತ್ನಮ್ಮ ಅಡ್ಡ ನಿಂತರು.

"ಹೊರಡಿ, ಅತ್ತಿಗೆ. ಮಗು ಮಾತಾಡ್ತೈತೆ."