ನಡುಮನೆಗೆ ಹಾಕಿಸಿದ ಸೆನ್ಸರ್

ಗೋಡೆಯ ಮೂಲೆಗೆ ಅಂಟಿಸಿದ, ಸಾಬೂನಿನಷ್ಟು ದೊಡ್ಡ ಬಿಳಿ ಡಬ್ಬಿಯೊಂದು ನಾನು ನಮ್ಮ ನಡುಮನೆಯನ್ನು ಹಾಯುವಾಗಲೆಲ್ಲ ಕೆಂಪಗೆ ಕಣ್ಣು ಹೊಡೆಯುತ್ತದೆ. ಐವತ್ತಾರು ವರ್ಷದ, ಮಂಡಿನೋವಿನ ಹೆಂಗಸನ್ನು ನೋಡಿ ಕಣ್ಣು ಹೊಡೆಯುವವರು ಲೋಕದಲ್ಲಿ ಇನ್ನಾರೂ ಉಳಿದಿಲ್ಲವಾದ್ದರಿಂದ ನಾನು ಅದಕ್ಕೆ ಕೃತಜ್ಞಳಾಗಿರಬೇಕಿತ್ತು. ಆದರೆ ಅದು ಮನೆ ಒರೆಸುವವಳಿಗೂ, ಗ್ಯಾಸ್ ಸಿಲಿಂಡರ್ ತರುವವನಿಗೂ ಅಷ್ಟೇ ಪ್ರೀತಿಯಿಂದ ಕಣ್ಣು ಹೊಡೆಯುವುದನ್ನು ಕಂಡ ಮೇಲೆ ನನ್ನ ಹೆಮ್ಮೆ ಇಳಿದುಹೋಯಿತು.

ಅದನ್ನು ತಂದವರು ನಮ್ಮ ಭಾವ, ಅಂದರೆ ನಮ್ಮ ಯಜಮಾನರ ಅಣ್ಣ. ಅವರ ಹೆಂಡತಿ, ನನ್ನ ಓರಗಿತ್ತಿ, ನಾನು ಮದುವೆಯಾಗಿ ಬಂದ ದಿನದಿಂದ ಅಕ್ಕ ಎಂದು ಕರೆದವಳು, ವೈಶಾಖದಲ್ಲಿ ತೀರಿಕೊಂಡಳು. ಮೂವತ್ತೊಂದು ವರ್ಷ ಒಂದೇ ಒಲೆಯ ಮುಂದೆ ನಿಂತು, ವಾರಕ್ಕೊಮ್ಮೆ ಮಾತು ಬಿಟ್ಟು, ಸಂಜೆಯ ಕಾಫಿಗೆ ಮತ್ತೆ ಮಾತು ಕೂಡಿಸಿಕೊಂಡವರು ನಾವು. ಅವಳು ಹೋದ ಮೇಲೆ ಭಾವ ಅವಳ ಹೆಸರೆತ್ತಲಿಲ್ಲ, ನಡುಮನೆಯಲ್ಲಿ ಊಟಕ್ಕೆ ಕೂರಲಿಲ್ಲ. ತಟ್ಟೆ ಮಹಡಿಗೆ ಹೋಗುತ್ತಿತ್ತು, ಅರ್ಧಕ್ಕರ್ಧ ಹಾಗೆಯೇ ಇಳಿದು ಬರುತ್ತಿತ್ತು. ಷರಟಿನ ಕಾಲರಿನೊಳಗೆ ಅವರ ಕತ್ತು ದಿನದಿನಕ್ಕೆ ಸಣ್ಣಗಾಗುವುದನ್ನು ನೋಡಿ, ಹೀಗೇ ಆದರೆ ವರ್ಷದೊಳಗೆ ಗೋಡೆಗೆ ಇನ್ನೊಂದು ಫೋಟೋಗೆ ಮೊಳೆ ಹೊಡೆಯಬೇಕಾಗುತ್ತದೆ ಎಂದು ನಾನು ಒಳಗೊಳಗೇ ಹೆದರಿದ್ದೆ.

ಅಂಥ ಹೊತ್ತಿನಲ್ಲಿ ಭಾವನಿಗೆ ಕಳ್ಳರ ಚಿಂತೆ ಹತ್ತಿತು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನಮ್ಮ ಕೋಣನಕುಂಟೆಯ ಹೊಲದಲ್ಲಿ ಈಗ ಮೂರು ಮಹಡಿ, ಹನ್ನೊಂದು ಕೋಣೆ, ನಾಲ್ಕು ಬಾಗಿಲುಗಳ ಮನೆ ಎದ್ದು ನಿಂತಿದೆ. ಇಷ್ಟು ದೊಡ್ಡ ಮನೆಗೆ ಕಾವಲಿಲ್ಲವಲ್ಲ ಎಂಬುದು ಅವರ ಕೊರಗು. ನನ್ನ ಕೊರಗೇ ಬೇರೆ. ಈ ಮನೆಯಿಂದ ಹೋಗಬಾರದ್ದು ಹೋದದ್ದು ಬೆಳಗ್ಗೆ ಹತ್ತು ಗಂಟೆಗೆ, ಮುಂಬಾಗಿಲಿನಿಂದಲೇ, ನಾವೆಲ್ಲ ಕಣ್ಣು ಬಿಟ್ಟು ನೋಡುತ್ತಿದ್ದಾಗ. ಅದನ್ನು ಹಿಡಿದು ನಿಲ್ಲಿಸುವ ಯಂತ್ರ ಜಯನಗರದ ಯಾವ ಅಂಗಡಿಯಲ್ಲಿದೆ ಎಂದು ಕೇಳಬೇಕೆನಿಸಿತ್ತು, ಕೇಳಲಿಲ್ಲ. ಸುಮ್ಮನೆ ಅವರ ಜೊತೆ ಅಂಗಡಿಗೆ ಹೋದೆ.

ಅಂಗಡಿಯವನು ನಮಗೆ ಕೂರಲು ಕುರ್ಚಿ ಕೊಡುವ ಮೊದಲೇ ಹೆದರಿಕೆ ಕೊಟ್ಟ. ಈ ವ್ಯಾಪಾರದ ಕ್ರಮವೇ ಅದು: ಬಟ್ಟೆಯಂಗಡಿಯವನು ನಿಮ್ಮನ್ನು ಹೊಗಳಿ ಮಾರುತ್ತಾನೆ, ಇವನು ಬೆದರಿಸಿ ಮಾರುತ್ತಾನೆ. ವೈರಿಲ್ಲದ ಸೆನ್ಸರುಗಳಂತೆ, ಗೋಡೆ ಕೊರೆಯಬೇಕಾಗಿಲ್ಲವಂತೆ, ಬ್ಯಾಟರಿ ಮುಗಿಯುವ ಮೊದಲು ಅವೇ ಫೋನಿಗೆ ಹೇಳಿಕಳಿಸುತ್ತವಂತೆ. ತಮ್ಮ ಕಾಯಿಲೆಯನ್ನು ತಾವೇ ಮುಂಚಿತವಾಗಿ ಹೇಳಿಕೊಳ್ಳುವ ಗುಣ ಡಬ್ಬಿಗಳಿಗಿದೆ, ನಮ್ಮ ಅಕ್ಕನಿಗಿರಲಿಲ್ಲ.

ನಾಯಿ ಬೆಕ್ಕು ಓಡಾಡಿದರೆ ಇದು ಕೂಗುವುದಿಲ್ಲ, ಇಪ್ಪತ್ತೈದು ಕೆ.ಜಿ. ಮೇಲಿದ್ದರೆ ಮಾತ್ರ ಎಂದ ಅಂಗಡಿಯವನು. ಹಾಗಾದರೆ ಕಳ್ಳ ತೂಕ ನೋಡಿಸಿಕೊಂಡು ಬರಬೇಕಾಗುತ್ತದೆ ಎಂದೆ.

“ಆಂಟಿ ಸಖತ್ ಜೋಕ್ ಮಾಡ್ತಾರೆ ಸಾರ್” ಎಂದು ಭಾವನ ಕಡೆ ತಿರುಗಿದ. ಭಾವ ನಗಲಿಲ್ಲ. ಒಂಬತ್ತು ಸೆನ್ಸರು, ಹೊರಗೋಡೆಗೆ ಆರು ದೀಪ ಎಂದು ಚೀಟಿಯಲ್ಲಿ ಬರೆಸಿದರು.

ದೀಪಗಳ ಬಗ್ಗೆ ಹೇಳದಿರುವುದೇ ಮೇಲು, ಆದರೂ ಹೇಳುತ್ತೇನೆ. ಕ್ರಿಕೆಟ್ ಮೈದಾನಕ್ಕೆ ತಯಾರಾಗಿ, ಕಾರಣಾಂತರದಿಂದ ಸಂಸಾರಸ್ಥರ ಮನೆಗೆ ಬಂದಂತಿರುವ ದೀಪಗಳವು. ನಮ್ಮ ಬೀದಿಯಲ್ಲಿ ಈಗ ಎಲ್ಲರ ಮನೆಗೂ ಇವೆ. ಒಂದು ತೆಂಗಿನ ಗರಿ ಅಲುಗಿದರೆ ಒಂದು ಮನೆ ಬೆಚ್ಚಿಬಿದ್ದು ಬೆಳಗುತ್ತದೆ, ಆ ಬೆಳಕಿಗೆ ಹೊರಬಂದ ಮನುಷ್ಯನನ್ನು ಕಂಡು ಎದುರು ಮನೆ ಬೆಳಗುತ್ತದೆ, ಕೊನೆಗೆ ಇಡೀ ಬೀದಿ ಒಂದು ಗರಿಯ ದೆಸೆಯಿಂದ ಝಗಝಗಿಸುತ್ತ, ಯಾರೂ ಯಾರನ್ನೂ ಮಾತಾಡಿಸದೆ ಒಳಗೆ ಹೋಗುತ್ತದೆ. ಅಕ್ಕ ಇದ್ದಾಗ ಗೇಟಿನ ಚಿಲಕ ಅಲುಗಿದರೆ ಅಡುಗೆಮನೆಯಿಂದಲೇ “ಯಾರಪ್ಪಾ ಅದು? ಬಂದೆ ಇರು” ಎನ್ನುತ್ತಿದ್ದಳು. ಬಂದವನು ಕಳ್ಳನಾಗಿದ್ದರೂ ಒಂದು ಲೋಟ ನೀರು ಕುಡಿಯದೆ ಹೋಗುವ ಹಾಗಿರಲಿಲ್ಲ.

ಡಬ್ಬಿಗಳನ್ನು ಕೂರಿಸಲು ಬಂದವನು ಬಸವರಾಜ. ಗದಗದ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ಸಂಸಾರ ಸಮೇತ ಬಾಡಿಗೆಗಿದ್ದಾನೆ. ಇಡೀ ವ್ಯವಹಾರದಲ್ಲಿ ನನ್ನ ತಾತ್ಸಾರಕ್ಕೆ ಸಿಗದವನು ಅವನೊಬ್ಬನೇ, ಏಕೆಂದರೆ ಅವನು ಯಾರನ್ನೂ ಹೆದರಿಸಲಿಲ್ಲ, ಕೊಟ್ಟ ಉಪ್ಪಿಟ್ಟನ್ನು ಪೂರ್ತಿ ತಿಂದ. ನಡುಮನೆಯ ಡಬ್ಬಿಯನ್ನು ಅವನು ಹೋದವರ ಫೋಟೋಗಳಿದ್ದ ಗೋಡೆಗೆ ಎದುರಾಗಿ ಕೂರಿಸಿದ. ಅಂದಿನಿಂದ ಭಾವನಿಗೆ ಹೊಸದೊಂದು ಚಾಳಿ ಬಂತು. ಮುಂಬಾಗಿಲು ದಾಟಿದರೆ ಸಾಕು, ಹೆಬ್ಬೆರಳು ತಾನಾಗಿ ಫೋನಿನ ಮೇಲೆ ಒತ್ತಿ ಕಾವಲು ಹಾಕುತ್ತಿತ್ತು. ಹಾಲು ತರಲು ಹೋದರೂ ಕಾವಲು. ಒಳಗಿದ್ದ ನಾನು ಒಗ್ಗರಣೆ ಬಿಟ್ಟು ಎರಡು ಹೆಜ್ಜೆಯಿಟ್ಟರೆ ಸೈರನ್ನು. ನನ್ನ ಮನೆಯಲ್ಲಿ ನಾನೇ ದಿನಕ್ಕೆ ಮೂರು ಬಾರಿ ಕಳ್ಳಿಯಾದೆ.

ಹೀಗಿರುವಾಗ ಪಿತೃಪಕ್ಷ ಬಂತು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ನಡುಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಬಾಳೆಯೆಲೆ ಹಾಸಿ, ಹೊಸ ಬಟ್ಟೆ ಇಟ್ಟು, ಹೋದವರಿಗೆ ಯಾವುದು ಇಷ್ಟವೋ ಅದನ್ನೆಲ್ಲ ಬಡಿಸಿ, ಎಣ್ಣೆದೀಪ ಹಚ್ಚಿ, ಧೂಪ ಹಾಕಿ, ಎಲ್ಲರೂ ಹೊರಬಂದು ಬಾಗಿಲು ಮುಚ್ಚುತ್ತೇವೆ. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಹೊರಗೆ ಕಾದು, ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಇಣುಕಿ ನೋಡಬಾರದು. ನಮಗೆ ಊಟ ಆಮೇಲೆಯೇ.

ಈ ಸಲ ಮಾವನವರ ಎಲೆಗೆ ಕೋಳಿಸಾರು, ಮುದ್ದೆ, ಪಕ್ಕಕ್ಕೊಂದು ಕ್ವಾರ್ಟರ್ ಬಾಟಲಿ, ಬೀಡಿ. ಅಕ್ಕನ ಎಲೆ ಹೊಸದು. ಅವಳಿಗೇನು ಇಷ್ಟ ಎಂದು ಯಜಮಾನರು ಕೇಳಿದಾಗ ನಾನು ಸೌಟು ಹಿಡಿದು ನಿಂತುಬಿಟ್ಟೆ. ಬೇರೆಯವರಿಗೆ ಇಷ್ಟವಾದದ್ದನ್ನು ಅವಳು ಮಾಡಿದ್ದೆಲ್ಲ ನನಗೆ ನೆನಪಿದೆ. ಅವಳು ಉಂಡಿದ್ದು ತಳದಲ್ಲಿ ಉಳಿದದ್ದನ್ನು. ಕೊನೆಗೆ ಅಂದಾಜಿನ ಮೇಲೆ ಒಂದಿಷ್ಟು ಕಜ್ಜಾಯ, ಬಸ್ಸಾರು, ಬಿಸಿ ಅನ್ನ ಬಡಿಸಿದೆ. ಎಲ್ಲರೂ ಹೊರಗೆ ಬಂದೆವು. ಕೊನೆಗೆ ಬಂದ ಭಾವ ಬಾಗಿಲು ಎಳೆದುಕೊಂಡರು. ಅವರ ಹೆಬ್ಬೆರಳು, ಪಾಪ, ತನ್ನ ಕೆಲಸ ತಾನು ಮಾಡಿತು.

ಐದು ನಿಮಿಷವಾಗಿರಬಹುದು. ಸೈರನ್ ಹೊಡೆದುಕೊಳ್ಳತೊಡಗಿತು. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಆರು ದೀಪಗಳೂ ಒಟ್ಟಿಗೆ ಹತ್ತಿಕೊಂಡವು. ಭಾವನ ಫೋನಿನಲ್ಲಿ ಕೆಂಪಕ್ಷರ ಮೂಡಿತ್ತು: ಹಾಲ್‌ನಲ್ಲಿ ಯಾರೋ ಓಡಾಡುತ್ತಿದ್ದಾರೆ. ಮನೆಮಂದಿಯೆಲ್ಲ ಜಗಲಿಯ ಮೇಲೆಯೇ ಇದ್ದೆವು.

ಆರು ವಾರದಿಂದ ಬಾಯ್ತುದಿಯಲ್ಲಿಟ್ಟುಕೊಂಡಿದ್ದ ಕುಹಕಗಳಲ್ಲಿ ಒಂದೂ ನನಗೆ ಆಗ ಸಿಗಲಿಲ್ಲ. ಭಾವ ಸೈರನ್ ನಿಲ್ಲಿಸಿ ಫೋನನ್ನೇ ನೋಡುತ್ತ ನಿಂತರು. ಯಜಮಾನರು ತಮ್ಮ ಫೋನಿನಿಂದ ಬಸವರಾಜನಿಗೆ ಕರೆ ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟರು. ಅವನು ನಡೆದದ್ದನ್ನೆಲ್ಲ ಕೇಳಿಸಿಕೊಂಡು, “ಏನಿಲ್ರೀ ಸರ್, ಅದು ಕಾವು ನೋಡತೈತಿ. ದೀಪ ಹೊಯ್ದಾಡಿರಬೇಕು, ಇಲ್ಲಾ ಧೂಪದ ಕೆಂಡ ಇರಬೇಕು. ಹಾಲ್‌ನಾಗಿನ ಸೆನ್ಸರಿನ ಚುರುಕು ಕಡಿಮಿ ಮಾಡ್ಲೇನ್ರಿ? ಇಲ್ಲಿಂದನ ಮಾಡ್ತೀನಿ, ಇನ್ನ ಹಂಗ ಕೂಗಂಗಿಲ್ಲ” ಎಂದ.

ಅವನು ಹೇಳಿದ್ದು ಸರಿಯಾಗಿಯೇ ಇದ್ದೀತು. ಬಿಸಿ ಅನ್ನದ ಹಬೆಗೂ ಕಾವಿರುತ್ತದೆ. ಕಡಿಮೆ ಮಾಡಪ್ಪ, ಕಿತ್ತೇ ಹಾಕು ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಭಾವ ತಮ್ಮನ ಕೈಯಿಂದ ಫೋನು ತೆಗೆದುಕೊಂಡರು.

“ಬೇಡ ಬಸವರಾಜಪ್ಪ, ಅದು ಹಂಗೇ ಇರ್ಲಿ” ಎಂದರು.

ಕರೆ ನಿಂತ ಮೇಲೂ ಫೋನು ಅವರ ಕೈಯಲ್ಲೇ ಇತ್ತು. ನಮ್ಮ ಯಾರನ್ನೂ ನೋಡದೆ, ಮುಚ್ಚಿದ ಬಾಗಿಲಿಗೆ ಹೇಳುವಂತೆ ಹೇಳಿದರು: “ಎಲ್ರಿಗೂ ಇಕ್ಕಿ ಕೊನೇಗೆ ಉಣ್ಣೋಳು ನಮ್ ರತ್ನ. ಇವತ್ತೊಂದಿನ ಮೊದ್ಲು ಉಂಡ್ಲು.”

ಬಾಗಿಲು ತಟ್ಟಿದವರೂ ಅವರೇ. ಒಳಗೆ ಎಲೆಗಳು ಇಟ್ಟ ಹಾಗೆಯೇ ಇದ್ದವು, ಕಜ್ಜಾಯ ಒಂದೂ ಕಡಿಮೆಯಾಗಿರಲಿಲ್ಲ. ಭಾವ ಮಹಡಿಯ ಕಡೆ ಹೋಗದೆ ಅಕ್ಕನ ಎಲೆಯ ಪಕ್ಕಕ್ಕೆ ಚಾಪೆ ಎಳೆದುಕೊಂಡು ಕೂತರು. ನಾನು ಮುದ್ದೆ ಇಟ್ಟು ಸಾರು ಬಿಟ್ಟೆ. ಅರ್ಧ ಉಂಡಾದ ಮೇಲೆ ತಲೆಯೆತ್ತಿ, ನೀನೂ ಕೂತ್ಕೊಳ್ಳಮ್ಮ, ಕೊನೇವರ್ಗೂ ಕಾಯ್ಬೇಡ ಎಂದರು. ನಾನು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕೂತೆ.