ಹಣಮಯ್ಯನ ಕರ್ಪೂರ

ಬಶೀರಾಬಾದಿನ ಆಚೆ, ರಾಜ್ಯದ ಗಡಿಗೆ ಅಂಟಿಕೊಂಡ ಒಂದು ಊರಿನಲ್ಲಿ ಹಣಮಯ್ಯ ವೀರಭದ್ರನ ಗುಡಿಯ ಪೂಜಾರಿ. ಕಳುವಾಗಲಿ, ಬಣವೆಗೆ ಬೆಂಕಿ ಬೀಳಲಿ, ಜನ ಠಾಣೆಗಿಂತ ಮೊದಲು ಅವನ ಹತ್ತಿರ ಬರುತ್ತಿದ್ದರು. ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ 'ನಾ ಮಾಡಿಲ್ಲ' ಎಂದವನು ನಿರ್ದೋಷಿ. ಸುಳ್ಳಾಡಿದರೆ ವರ್ಷದೊಳಗೆ ಕಣ್ಣು ಹೋಗುತ್ತದೆಂದು ನಂಬಿಕೆ. ಮೂವತ್ತು ವರ್ಷಗಳಲ್ಲಿ ಎಷ್ಟೋ ಜನ ಕರ್ಪೂರ ಕಂಡೊಡನೆ ಬೆವೆತು ತಪ್ಪೊಪ್ಪಿಕೊಂಡಿದ್ದರು. ಎಲ್ಲ ಕೋಳಿ ಕದ್ದವರು, ಪಕ್ಕದ ಹೊಲದ ಬದು ಒತ್ತಿದವರು. ಅಷ್ಟಕ್ಕೇ ಈ ಮನುಷ್ಯನಿಗೆ ಜಂಭ ತಲೆಗೇರಿತ್ತು.

ಆರು ವರ್ಷದ ಹಿಂದೆ ಪೂರ್ಣಿಮಾ ಎಂಬ ಹೆಣ್ಣುಮಗಳು ಬಾವಿಯಲ್ಲಿ ಹೆಣವಾಗಿ ಸಿಕ್ಕಳು. ಗಂಡ ಸೂರ್ಯಕಾಂತನದು ತಾಂಡೂರಿನಲ್ಲಿ ಗೊಬ್ಬರದಂಗಡಿ. ಸೋಮವಾರ ತಪ್ಪದೆ ಒಪ್ಪತ್ತು ಮಾಡುವ ಭಕ್ತ. ಪೂರ್ಣಿಮಾಳ ತಾಯಿ ಭೂದೇವಿ ಠಾಣೆಗೆ ಹೊರಟಾಗ ಊರ ಹಿರಿಯರು ತಡೆದು ಗುಡಿಗೆ ಕರೆತಂದರು. ಸೂರ್ಯಕಾಂತ ಹಣೆತುಂಬ ವಿಭೂತಿ ಬಳಿದುಕೊಂಡು ಬಂದ. ಕೈ ಚಾಚಿದಾಗ ಅಂಗಿಯ ತೋಳು ಮೇಲೆ ಸರಿಯಿತು. ಮುಂಗೈಯಲ್ಲಿ ನಾಲ್ಕು ಉಗುರಿನ ಗೀರು, ಇನ್ನೂ ಹಸಿ. ಕಂಡವನು ಹಣಮಯ್ಯ ಒಬ್ಬನೇ. ಅದೇ ಕೈ ಕರ್ಪೂರ ಆರಿಸಿತು. ಹಣಮಯ್ಯ ತನ್ನ ಕಣ್ಣನ್ನು ನಂಬದೆ ಕರ್ಪೂರವನ್ನು ನಂಬಿದ.

"ಅಂವ ಮಾಡಿಲ್ಲ ಯವ್ವಾ. ಕೇಸು ಗೀಸು ಬ್ಯಾಡ," ಎಂದ.

"ನೀವ ಹೇಳ್ತೀರಂದ್ರ ಆತ್ರಿ ಅಯ್ಯನೋರೆ," ಎಂದು ಭೂದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದಳು.

ವರ್ಷ ಕಳೆಯಿತು. ಸೂರ್ಯಕಾಂತನ ಕಣ್ಣು ನೆಟ್ಟಗೇ ಇದ್ದವು. ಗುಡಿಗೆ ದೊಡ್ಡ ಗಂಟೆ ಬೇರೆ ಮಾಡಿಸಿಕೊಟ್ಟ. ಆಮೇಲೆ ಧಾರೂರಿನ ಕಾಶಿರಾಮ ತನ್ನ ಮಗಳು ಸ್ವಾತಿಯನ್ನು ಅವನಿಗೆ ಕೊಡುವ ಮೊದಲು ವಿಚಾರಿಸಲು ಬಂದ.

"ಹುಡುಗನ ಮ್ಯಾಲ ಏನೋ ಮಾತು ಅದಾವಂತಲ್ರಿ?"

"ನನ್ನ ಮುಂದ ಕರ್ಪೂರ ಆರ್ಸ್ಯಾನ. ಕಣ್ಣ ಮುಚ್ಚಿ ಕೊಡ್ರಿ," ಎಂದ ಹಣಮಯ್ಯ. ಆ ರಾತ್ರಿ ಗೀರುಗಳು ನೆನಪಾಗಿ ಅವನಿಗೆ ನಿದ್ದೆ ಬರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಮೂವತ್ತು ವರ್ಷದ ಆಣೆಗಳ ಗತಿಯೇನು?

ಕಳೆದ ತಿಂಗಳು ಸ್ವಾತಿ ಮನೆಯೊಳಗೆ ನೇಣಿನಲ್ಲಿ ಸಿಕ್ಕಳು.

ಈ ಸಲ ಸೂರ್ಯಕಾಂತನನ್ನು ಯಾರೂ ಕರೆತರಬೇಕಾಗಲಿಲ್ಲ. ಹಿರಿಯರಿಗಿಂತ ಮೊದಲೇ ಗುಡಿಗೆ ಬಂದು ಕೈ ಚಾಚಿ ನಿಂತಿದ್ದ. ಸೆಕೆಯಲ್ಲೂ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿದ್ದ.

"ಹಚ್ರಿ ಅಯ್ಯನೋರೆ, ಆರ್ಸಿಬಿಡ್ತೀನಿ."

ಅವನಿಗೆ ದೇವರ ಹೆದರಿಕೆ ಎಳ್ಳಷ್ಟೂ ಇರಲಿಲ್ಲ. ಹಣಮಯ್ಯ ಮುಂದೆ ಬಾಗಿ ಅವನ ಗುಂಡಿ ಕಿತ್ತು ತೋಳು ಮೇಲೆತ್ತಿದ. ಮತ್ತೆ ಗೀರುಗಳು. ಜನ ಕತ್ತು ಚಾಚಿ ನೋಡಿದರು.

ಹಣಮಯ್ಯ ಕರ್ಪೂರವನ್ನು ತನ್ನ ಅಂಗೈಯಲ್ಲೇ ಇಟ್ಟು ಹಚ್ಚಿದ. "ಪೂರ್ಣಿಮಾ ಸತ್ತಾಗೂ ಇವನ ಕೈಯಾಗ ಇಂಥವೇ ಗುರುತು ಇದ್ವು. ನಾ ಕಣ್ಣಾರೆ ನೋಡೀನಿ. ಠಾಣ್ಯಾಗೂ ಹೇಳ್ತೀನಿ." ಕೈ ಸುಡುತ್ತಿತ್ತು, ಅವನು ಮುಷ್ಟಿ ಕಟ್ಟಲಿಲ್ಲ.

ಕಂಬಕ್ಕೆ ಒರಗಿ ಕೂತಿದ್ದ ಕಾಶಿರಾಮ ಎದ್ದು ಹತ್ತಿರ ಬಂದ. ಅವನ ಕಣ್ಣು ಅಳಿಯನ ಮೇಲಿರಲಿಲ್ಲ.

"ನಾ ಕೇಳಾಕ ಬಂದಾಗೇ ಇದು ಹೇಳಿದ್ರ, ನನ್ನ ಮಗಳು ಮನ್ಯಾಗ ಇರ್ತಿದ್ಲಲ್ರಿ."