ತಲೆಗೊಂದು ಗೇರುಬೀಜ

ಹೋದ ವರ್ಷ ಮಾರ್ಚ್ ಒಂಬತ್ತರ ಮಧ್ಯಾಹ್ನ ಗುಡ್ಡಕ್ಕೆ ಬೆಂಕಿ ಬಿದ್ದಾಗ ಹೋಮ್‌ಸ್ಟೇಯ ಕೆಳಗಿನ ಗೇಟಿಗೆ ಬೀಗ ಹಾಕಿತ್ತು. ಬೀಗದ ಕೀಲಿ ಕುಮಟೆಯಲ್ಲಿತ್ತು. ಒಳಗೆ ಹನ್ನೆರಡು ಮಂದಿ ಪ್ರವಾಸಿಗರು ಮತ್ತು ಅಡುಗೆಮನೆಯ ಬಂಗಾರಿ ಇದ್ದರು. ಪ್ರವಾಸಿಗರು ಬದುಕಿದರು. ಬಂಗಾರಿ ಬದುಕಲಿಲ್ಲ.

ಮತ್ತೆ ಮಾರ್ಚ್ ಬಂದಿದೆ. ಶನಿವಾರ, ಬೆಳಗಿನ ಐದೂವರೆ. ಶರಾವತಿಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಗೇರುಸೊಪ್ಪ ರಸ್ತೆಯಿಂದ ಕವಲೊಡೆದ ಮಣ್ಣುದಾರಿ ಬಂದು ಮುಗಿಯುವಲ್ಲಿ, ಗುಡ್ಡದ ನಡುಸೊಂಟದಲ್ಲಿ ಕೂತಿದೆ ಆ ಹೋಮ್‌ಸ್ಟೇ. ಅದರ ತಂತಿಬೇಲಿಯ ಗುಂಟ ಐವತ್ತೆಂಟರ ಗಣಪಿ ಗೌಡ ಬಗ್ಗಿಕೊಂಡೇ ನಡೆಯುತ್ತಿದ್ದಾರೆ. ಬಂಗಾರಿಯ ಅಕ್ಕ ಇವರು. ಕೈಯಲ್ಲಿ ಬಿದಿರು ಕಡ್ಡಿಯ ಬಾಚುಗೋಲು. ಒಂದು ಎಳೆತಕ್ಕೆ ಒಂದು ಹೆಜ್ಜೆ, ಒಂದು ಹೆಜ್ಜೆಗೆ ಒಂದು ಮೊಣಕಾಲೆತ್ತರದ ಗುಪ್ಪೆ. ಅಕೇಶಿಯಾದ ಉದ್ದೆಲೆ, ಗೇರಿನ ದಪ್ಪೆಲೆ, ಒಣಗಿ ಉದುರಿದ್ದೆಲ್ಲ ಸೇರಿ ದರಕು. ನೆಲದ ಕೆಂಪು ಕಾಣುವ ತನಕ ಅವರು ಕೈ ಬಿಡುವುದಿಲ್ಲ.

"ಇಬ್ಬನಿ ಇದ್ದಾಗ್ಲೇ ಎಳ್ಕಣಬೇಕು" ಎನ್ನುತ್ತಾರೆ ಗಣಪಿ. "ಬಿಸ್ಲು ಏರಿದ್ ಮೇಲೆ ದರಕು ಪುಡಿಪುಡಿ ಆತದೆ, ನೆಲಕ್ಕೇ ಅಂಟ್ಕಂಡ್ ಉಳೀತದೆ. ಉಳ್ದದ್ದೆಲ್ಲ ಬೆಂಕಿಗೆ ಊಟ."

ಬೇಲಿಯ ಹೊರಗೆ ಆರು ಮಾರು ಅಗಲದ ಬೋಳು ಪಟ್ಟಿ ಅವರದೇ ಕೆಲಸ. ಒಂದು ಸುತ್ತು ಮುಗಿಸಲು ನಾಲ್ಕು ದಿನ. ಐದನೆಯ ದಿನಕ್ಕೆ ಮೊದಲ ಮೂಲೆಯಲ್ಲಿ ಮತ್ತೆ ಎಲೆ ಬಿದ್ದಿರುತ್ತದೆ. ಜನವರಿಯಿಂದ ಮೊದಲ ಮಳೆಯವರೆಗೆ ಹೀಗೇ. ಗುಪ್ಪೆಗಳನ್ನು ಹಗ್ಗದ ಬಲೆಯಲ್ಲಿ ಕಟ್ಟಿ, ತಲೆಯ ಮೇಲೆ ಹೊತ್ತು, ಬೇಲಿಯೊಳಗಿನ ಕಾಲುದಾರಿಯಲ್ಲಿ ಇಳಿದು, ಕೆಳಗಿನ ಗೇಟು ದಾಟಿ ತಮ್ಮ ಕೇರಿಯಾದ ಕೊಪ್ಪದ ಕೊಟ್ಟಿಗೆಗಳಿಗೆ ಹಾಕುತ್ತಾರೆ. ದನದ ಕಾಲಡಿ ಹಾಸಾಗಿ, ಗೊಬ್ಬರವಾಗಿ, ಅದು ಮಳೆಗಾಲಕ್ಕೆ ಗದ್ದೆ ಸೇರುತ್ತದೆ.

ಗುಡಿಸುವಾಗ ಅವರು ಹಾಡುವುದಿಲ್ಲ. ಮೊದಲು ಹಾಡುತ್ತಿದ್ದರು. ಕುಮಟಾ ತಾಲೂಕಿನ ಕಾಗಾಲದಲ್ಲಿ ಹುಟ್ಟಿದ ಅಕ್ಕತಂಗಿಯರು ಗದ್ದೆಯಲ್ಲೂ ಗುಡ್ಡದಲ್ಲೂ ಜೋಡಿ ದನಿ. ಗಣಪಿ ಹೊಳೆಸಾಲಿನ ಈ ಕೊಪ್ಪಕ್ಕೆ ಮದುವೆಯಾಗಿ ಬಂದರು, ಬಂಗಾರಿ ಭಟ್ಕಳದ ಕಡೆಯ ಕಾಯ್ಕಿಣಿಗೆ ಹೋದಳು. ಗಂಡ ತೀರಿದ ಮೇಲೆ ಅಕ್ಕನ ಮನೆ ಸೇರಿ ಹೋಮ್‌ಸ್ಟೇಯ ಅಡುಗೆಗೆ ನಿಂತಳು. "ಪದ ಎತ್ತುಕೆ ಒಬ್ರು, ಹಿಡಿಯುಕೆ ಒಬ್ರು ಬೇಕು. ಒಬ್ಬಳೇ ಎತ್ತಿ ಎಲ್ಲಿ ಇಡುದು?" ಎಂದು ಕೇಳುತ್ತಾರೆ ಗಣಪಿ. ಉತ್ತರಕ್ಕೆ ಕಾಯದೆ ಮುಂದಿನ ಗುಪ್ಪೆಗೆ ಹೋಗುತ್ತಾರೆ.

ಈ ಗುಡ್ಡ ಮೊದಲು ಹೀಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಕೊಪ್ಪದ ಹೆಂಗಸರು ತಲೆಮಾರುಗಳಿಂದ ಇಲ್ಲಿ ದರಕು ಗುಡಿಸುತ್ತಿದ್ದರು. ಗುಡಿಸಿದ ಗುಡ್ಡಕ್ಕೆ ಕಿಡಿ ಬಿದ್ದರೂ ಹತ್ತು ಮಾರು ಓಡಿ ಸಾಯುತ್ತಿತ್ತು. ಆರು ವರ್ಷದ ಹಿಂದೆ ಹೋಮ್‌ಸ್ಟೇ ಬಂತು, ಬೇಲಿ ಬಂತು. ಹೊಳೆಗೆ ಇಳಿಯುವ ಕಾಲುದಾರಿ ಬೇಲಿಯೊಳಗೆ ಸಿಕ್ಕಿಕೊಂಡಿತು. ದಾರಿಯ ಕೊನೆಗೆ ಗೇಟು, ಗೇಟಿಗೆ ಬೀಗ. ದರಕಿಗೆ ಬಂದ ಹೆಂಗಸರನ್ನು ಅತಿಥಿಗಳ ನೆಮ್ಮದಿ ಕೆಡುತ್ತದೆ ಎಂದು ಅಟ್ಟಿದರು. ‘ಪ್ರಕೃತಿಯ ಮಡಿಲು’ ಎಂದು ಫಲಕ ಬರೆಸಿದವರು ಆ ಮಡಿಲನ್ನು ಗುಡಿಸುತ್ತಿದ್ದವರನ್ನೇ ಹೊರಗೆ ಹಾಕಿದರು. ಐದು ವರ್ಷದ ಎಲೆ ಮಂಡಿಯುದ್ದ ಬಿತ್ತು. ನಡೆದರೆ ಚರಚರ ಸದ್ದು. ಆ ಸದ್ದನ್ನು ಪ್ರವಾಸಿಗರು ವಿಡಿಯೋ ಮಾಡಿಕೊಳ್ಳುತ್ತಿದ್ದರು.

ಮಾರ್ಚ್ ಎಂಟರ ಸಂಜೆ ಅಂಗಳದಲ್ಲಿ ಕ್ಯಾಂಪ್‌ಫೈರ್ ನಡೆಯಿತು. ಮರುದಿನ ಅದರ ಬೂದಿಯನ್ನು ಪಡುವಣ ಬದಿಯ ಒಣಗಿದ ಕರಡದ ಹುಲ್ಲಿಗೆ ಸುರಿದರು. ಬೂದಿಯ ಹೊಟ್ಟೆಯಲ್ಲಿ ಕೆಂಡ ಇತ್ತು. ಮಧ್ಯಾಹ್ನ ಎರಡರ ಮೇಲೆ ಈ ಕರಾವಳಿಯಲ್ಲಿ ಕಡಲಗಾಳಿ ಏಳುವುದು ಮಕ್ಕಳಿಗೂ ಗೊತ್ತು. ಗಾಳಿ ಎದ್ದಿತು, ಹುಲ್ಲು ಹೊತ್ತಿತು. ಬೆಂಕಿ ಗುಡ್ಡ ಏರುತ್ತ ಬಂದು ಮಣ್ಣುದಾರಿಯನ್ನು ಹೊಗೆಯಲ್ಲಿ ಮುಚ್ಚಿತು.

ಪ್ರವಾಸಿಗರು ಮೇಲಕ್ಕೆ, ಕಾರು ನಿಲ್ಲಿಸಿದ ಕಡೆಗೆ ಓಡಿದರು. ಕಾರುಗಳೆಲ್ಲ ಮೂತಿ ಒಳಗೆ ಮಾಡಿ ನಿಂತಿದ್ದವು. ಒಬ್ಬರು ಹಿಂದಕ್ಕೆ ತೆಗೆಯಲು ಹೋಗಿ ಚರಂಡಿಗೆ ಚಕ್ರ ಇಳಿಸಿದರು, ದಾರಿ ಕಟ್ಟಿತು. ಅಲ್ಲಿಂದ ಅವರನ್ನೆಲ್ಲ ತಿರುಗಿಸಿ ಕೆಳಗೆ, ಹೊಳೆಯ ಕಡೆಗೆ ಎಳೆದುಕೊಂಡು ಬಂದವಳು ಬಂಗಾರಿ. ಬಂದರೆ ಗೇಟಿಗೆ ಬೀಗ. ಕೀಲಿಯಿದ್ದ ಮ್ಯಾನೇಜರು ಆ ದಿನ ರಜೆಯಲ್ಲಿ ಕುಮಟೆಯ ಮನೆಯಲ್ಲಿದ್ದರು.

ಗಣಪಿ ಆಗ ಬೇಲಿಯ ಹೊರಗೆ, ಹೊಳೆದಂಡೆಯಲ್ಲಿದ್ದರು. ಓಡಿಬಂದು ಕತ್ತಿಯ ಹಿಂಬದಿಯಿಂದ ಬೀಗಕ್ಕೆ ಹೊಡೆಯತೊಡಗಿದರು. ಎಷ್ಟು ಹೊಡೆತ ಬೇಕಾಯಿತೆಂದು ಅವರಿಗೆ ನೆನಪಿಲ್ಲ. ಬಲಗೈಯ ತೋರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಚಿಲಕ ಕಿತ್ತು ಬಂದಾಗ ಬಂಗಾರಿ ಒಬ್ಬೊಬ್ಬರನ್ನೇ ಹೊರಗೆ ದೂಡುತ್ತ ಎಣಿಸಿದಳು. ಹನ್ನೆರಡು. ಬೆಳಿಗ್ಗೆ ತಿಂಡಿಗೆ ಅವಳು ಇಟ್ಟದ್ದು ಹದಿನಾಲ್ಕು ತಟ್ಟೆ.

"ಇನ್ನಿಬ್ರು ಅದಾರೆ, ಮೂಲೆ ಕೋಣೇಲಿ. ಬಂದೆ ಅಕ್ಕಾ" ಎಂದು ಹೇಳಿ ಅವಳು ಹಿಂದೆ ಹೋದಳು.

ಮೂಲೆ ಕೋಣೆ ಖಾಲಿ ಇತ್ತು. ಆ ಇಬ್ಬರು ಹತ್ತು ಗಂಟೆಗೇ, ಯಾರಿಗೂ ಹೇಳದೆ, ಮುರ್ಡೇಶ್ವರಕ್ಕೆ ಹೋಗಿದ್ದರು.

ಬೆಂಕಿಯ ತನಿಖೆಯ ವರದಿಯಲ್ಲಿ ಒಂದು ವಾಕ್ಯ ಇದೆ. ‘ಸಿಬ್ಬಂದಿಯೊಬ್ಬರು ಅಜಾಗರೂಕತೆಯಿಂದ ಬೆಂಕಿಯತ್ತ ಮರಳಿ ಮೃತಪಟ್ಟಿರುತ್ತಾರೆ.’ ಬೀಗದ ಬಗ್ಗೆ ವಾಕ್ಯ ಇಲ್ಲ. ಬೂದಿಯ ಬಗ್ಗೆ ಇಲ್ಲ. ಸತ್ತವಳ ಮೇಲೆ ತಪ್ಪು ಹೊರಿಸುವುದು ಸುಲಭ, ಅವಳು ಮೇಲ್ಮನವಿ ಹಾಕುವುದಿಲ್ಲ. ಕೊಪ್ಪದ ಜನ ಮುರಿದ ಗೇಟಿನ ಮುಂದೆ ಒಂಬತ್ತು ದಿನ ಕೂತರು. ಕೇಳಿದ್ದು ಎರಡೇ: ಬೇಸಿಗೆಯಲ್ಲಿ ಗೇಟು ತೆರೆದಿರಬೇಕು, ಬೆಂಕಿ ಕಾಯಲು ಕೊಪ್ಪದ ಒಬ್ಬರು ಇರಬೇಕು. ಮಾಲೀಕರು ಬಾಯಿಮಾತಿನಲ್ಲಿ ಹೂಂ ಅಂದರು. ಹಾಗೆ ಬಂದವರು ಗಣಪಿ. ಹೋಮ್‌ಸ್ಟೇಯ ಹಾಜರಿ ಪುಸ್ತಕದಲ್ಲಿ ಅವರ ಕೆಲಸದ ಹೆಸರು ‘ಗಾರ್ಡನ್’.

ಹನ್ನೊಂದೂವರೆಗೆ ಮೂರು ಗಾಡಿಗಳಲ್ಲಿ ದಾವಣಗೆರೆಯ ದೊಡ್ಡ ಕುಟುಂಬವೊಂದು ಬಂದಿಳಿಯುತ್ತದೆ. ಗಣಪಿ ಅಂಗಳದ ಮೂಲೆಯಲ್ಲಿ ನಿಂತು ತಲೆ ಎಣಿಸುತ್ತಾರೆ. ಸೊಂಟದ ಚೀಲದಿಂದ ಗೇರುಬೀಜ ತೆಗೆದು, ತಲೆಗೊಂದರಂತೆ ತೆಂಗಿನ ಗರಟೆಗೆ ಹಾಕುತ್ತಾರೆ. ಹದಿನಾರು. ಗುಡ್ಡ ಬಿಟ್ಟು ಯಾರು ಹೊರಗೆ ಹೋದರೂ ಒಂದು ಬೀಜ ತೆಗೆಯುತ್ತಾರೆ, ಮರಳಿದರೆ ಮತ್ತೆ ಹಾಕುತ್ತಾರೆ. ಓದುಬರಹ ಬಾರದ ಅವರು ತಾವೇ ಕಟ್ಟಿಕೊಂಡ ಲೆಕ್ಕ ಇದು. ಆಫೀಸಿನ ಕಂಪ್ಯೂಟರಿಗೆ ಬಂದವರು ಗೊತ್ತು. ಈ ಕ್ಷಣ ಗುಡ್ಡದ ಮೇಲೆ ಇರುವವರು ಎಷ್ಟೆಂದು ಗರಟೆಗೆ ಮಾತ್ರ ಗೊತ್ತು.

ಮೊದಲು ಗಾಡಿಗಳು. ಮೂರನ್ನೂ ತಿರುಗಿಸಿ ಮೂತಿ ದಾರಿಯ ಕಡೆ ಮಾಡಿಸುತ್ತಾರೆ. ಆಮೇಲೆ ಕೋಣೆ. ರಾತ್ರಿ ಮಲಗುವಾಗ ಚಪ್ಪಲಿಯಲ್ಲ, ಬೂಟು ಮಂಚದ ಬುಡದಲ್ಲಿರಲಿ. ಹತ್ತಿಯ ಬಟ್ಟೆಯೊಂದು ಕೈಗೆ ಸಿಗುವಂತಿರಲಿ, ಹೊಗೆ ಬಂದರೆ ಒದ್ದೆ ಮಾಡಿ ಮೂಗಿಗೆ ಕಟ್ಟಬೇಕು. ನೈಲಾನು ಬೇಡ, ಅದು ಕರಗಿ ಮೈಗೆ ಹಿಡಿಯುತ್ತದೆ. ಎಲ್ಲಿಗೆ ಹೋಗುವುದಾದರೂ ಹೇಳಿ ಹೋಗಬೇಕು. ಇಷ್ಟನ್ನು ಅವರು ಅಡುಗೆಯ ಕ್ರಮ ಹೇಳುವಷ್ಟು ತಣ್ಣಗೆ ಹೇಳುತ್ತಾರೆ.

ಗಣಪಿಯ ಕೊರಳು ತುಂಬಿದ ಮಣಿಸರದ ಫೋಟೊ ಕೇಳುವವರು ಬಹಳ, ಹೆಸರು ಕೇಳುವವರು ಕಡಿಮೆ. ಇವತ್ತು ಸ್ಮೃತಿ ಎಂಬ ಕಾಲೇಜು ಹುಡುಗಿ ಹೆಸರು ಕೇಳುತ್ತಾಳೆ. ಅವಳ ಚಿಕ್ಕಪ್ಪನಿಗೆ ಇದೆಲ್ಲ ತಮಾಷೆ. ಬೆಂಕಿ ಬಿದ್ದರೆ ಫೋನಿಗೆ ಮೆಸೇಜು ಬರುತ್ತದೆ, ನೀವು ಆರಾಮಾಗಿರಿ ಅಜ್ಜಿ ಎಂದು ನಗುತ್ತಾನೆ.

"ನಿನ್ನ ಫೋನಿಗೆ ಗೊತ್ತಾಗುಕೆ ಮುಂಚೆ ನಿನ್ನ ಪ್ಯಾಂಟಿಗೆ ಗೊತ್ತಾತದೆ, ತಮಾ" ಎನ್ನುತ್ತಾರೆ ಗಣಪಿ. ಕುಟುಂಬವೆಲ್ಲ ನಗುತ್ತದೆ. ಅವರು ನಗುವುದಿಲ್ಲ.

ಊಟವಾದ ಮೇಲೆ ಎಲ್ಲರನ್ನೂ ಹೊಳೆಯ ತನಕ ನಡೆಸುವುದು ಅವರ ಕಟ್ಟಳೆ. ಗೇಟಿನಿಂದ ನೀರಿಗೆ ಮುನ್ನೂರ ನಲವತ್ತು ಹೆಜ್ಜೆ. ಒಮ್ಮೆ ಕಾಲಿಗೆ ಗೊತ್ತಾದ ದಾರಿ ಹೊಗೆಯಲ್ಲೂ ಸಿಗುತ್ತದೆ, ಕಣ್ಣಿಗೆ ಮಾತ್ರ ಗೊತ್ತಿದ್ದರೆ ಸಿಗುವುದಿಲ್ಲ ಎನ್ನುವುದು ಅವರ ವಾದ. ಈ ಬೇಸಿಗೆಯಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಹಾಗೆ ಇಳಿಸಿ ಹತ್ತಿಸಿದ್ದಾರೆ. ಇಳಿಯಲು ಕಾಲುನೋವು ಎಂದು ಸ್ಮೃತಿಯ ಅಜ್ಜಿ ತಕರಾರು ಮಾಡಿದಾಗ, ಕೈ ಹಿಡಿದು ಇಳಿಸುವುದಾಗಿ ಹೇಳಿ, ತಮ್ಮ ಇಡೀ ವಿದ್ಯೆಯನ್ನು ಮೂರು ಮಾತಿನಲ್ಲಿ ಬಿಚ್ಚಿಡುತ್ತಾರೆ.

"ಬೆಂಕಿ ಗುಡ್ಡ ಹತ್ತುದು ನಮಗಿಂತ ಜೋರು, ಅದ್ಕೆ ಮೇಲೆ ಓಡುಕಾಗ್ದು. ಗಾಳಿ ಹೋಗು ಬದಿಗೂ ಓಡುಕಾಗ್ದು. ಹೊಳೆ ಸಿಗ್ಲಿಲ್ಲ ಅಂದ್ರೆ ಆಗ್ಲೇ ಸುಟ್ಟು ಕರಿ ಆದ ನೆಲ ಹುಡ್ಕಿ ನಿಲ್ಲಿ, ಸುಟ್ಟದ್ದನ್ನ ಬೆಂಕಿ ಮತ್ತೆ ತಿನ್ನುದಿಲ್ಲ."

ಇವರಿಗೆ ಏನು ಬೇಕು? ಸನ್ಮಾನ ಬೇಡ. ಶಾಲು ಹೊದಿಸಿದರೆ ಬೆವರು ಬರುತ್ತದೆ ಎನ್ನುತ್ತಾರೆ. ಈ ಗೇಟು ಬೇಸಿಗೆಯಲ್ಲಿ ತೆರೆದಿರಬೇಕು. ಮತ್ತೆ ಆ ವರದಿಯ ಒಂದು ಶಬ್ದ ಹೋಗಬೇಕು. ಅಜಾಗರೂಕತೆ ಎಂಬ ಆ ಶಬ್ದವನ್ನು ಅವರು ಬಾಯಿಪಾಠ ಮಾಡಿಕೊಂಡಿದ್ದಾರೆ, ಒಂದಕ್ಷರ ತಪ್ಪದೆ ಹೇಳುತ್ತಾರೆ. "ಅವ್ಳ ಲೆಕ್ಕ ಸರಿ ಇತ್ತು. ಹದಿನಾಲ್ಕು ತಟ್ಟೆ ಇಟ್ಟಿದ್ಲು, ಹದಿನಾಲ್ಕು ಜನ ಹುಡುಕುಕೆ ಹೋದ್ಲು. ಲೆಕ್ಕ ಇಡದಿದ್ದವ್ರು ಬೇರೆ."

ಎರಡು ಗಂಟೆ. ಗಾಳಿ ತಿರುಗುತ್ತಿದೆ. ಗೇಟಿನ ಬಿಜಾಗರಿಗೆ ಗಣಪಿ ಕೊಬ್ಬರಿ ಎಣ್ಣೆ ಸವರುತ್ತಿರುವಾಗ ಮ್ಯಾನೇಜರ್ ನಾಗಭೂಷಣ ಮೇಲಿನಿಂದ ಇಳಿದು ಬರುತ್ತಾರೆ. ಅವರ ಕೈಯಲ್ಲಿ ಹೊಸ ಬೀಗ. ಹೋದ ವರ್ಷ ರಜೆಯಲ್ಲಿದ್ದ ಮ್ಯಾನೇಜರು ಇವರೇ. ಆ ದಿನದ ನಂತರ ಅವರು ಗಣಪಿಯ ಮುಖ ನೋಡಿ ಮಾತಾಡಿದ್ದಿಲ್ಲ. ಈಗಲೂ ಬಿಜಾಗರಿ ನೋಡಿಕೊಂಡೇ ಹೇಳುತ್ತಾರೆ: ಮಾಲೀಕರ ಫೋನು ಬಂದಿದೆ. ಬಂದವರನ್ನು ಇಲ್ಲಿಯ ಕೆಲಸದವರು ಬೆಂಕಿ, ಓಟ ಎಂದು ಹೆದರಿಸುತ್ತಾರೆಂದು ಯಾರೋ ಇಂಟರ್‌ನೆಟ್ಟಿನಲ್ಲಿ ಬರೆದಿದ್ದಾರೆ. ದರಕಿನ ಹೊರೆ ಹೊತ್ತವರು ಹೊಳೆಯಲ್ಲಿ ಈಜುವವರ ನಡುವೆ ಓಡಾಡುತ್ತಾರೆಂದೂ ಬರೆದಿದ್ದಾರೆ. ಇನ್ನು ಹೊಳೆಗೆ ನಡೆಸುವುದು ಬೇಡ, ಗೇಟಿಗೆ ಬೀಗ ಹಾಕಿ ಕೀಲಿ ಆಫೀಸಿಗೆ ಕೊಡಬೇಕು.

"ಆಫೀಸಲ್ಲೇ ಇರ್ತದೆ ಕೀಲಿ, ಕುಮಟೆಗೆ ಒಯ್ಯುದಿಲ್ಲ" ಎಂದೂ ಸೇರಿಸುತ್ತಾರೆ. "ನಂದೂ ಹೊಟ್ಟೆಪಾಡು, ಗಣಪಿ."

ಗಣಪಿ ಎಣ್ಣೆಯ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾರೆ. ಇಷ್ಟು ವರ್ಷ ಈ ಮನುಷ್ಯನನ್ನು ಅವರು ಒಡೆಯಾ ಎಂದೇ ಕರೆದದ್ದು. ಅವರ ಅಮ್ಮ ಹಾಗೇ ಕರೆಯುತ್ತಿದ್ದಳು, ಅಮ್ಮನ ಅಮ್ಮನೂ. ಪೇಟೆಯ ಬಟ್ಟೆ ತೊಟ್ಟವರೆಲ್ಲ ಒಡೆಯರು.

"ನಾ ಬೀಗ ಹಾಕುದಿಲ್ಲ, ನಾಗಭೂಷಣ" ಎನ್ನುತ್ತಾರೆ.

ಹಾಕದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದಿದ್ದಾರೆ ಮಾಲೀಕರು, ಎಂದು ಮ್ಯಾನೇಜರು ಮೆಲ್ಲಗೆ ಹೇಳುತ್ತಾರೆ. ಬೀಗವನ್ನು ಗೇಟಿನ ಕಂಬದ ಮೇಲಿಟ್ಟು ಕಾಯುತ್ತಾರೆ. ಮೇಲೆ ಅಂಗಳದಲ್ಲಿ ಊಟ ಮುಗಿಸಿದ ಕುಟುಂಬ ಬೂಟು ಹಾಕಿಕೊಳ್ಳುತ್ತಿದೆ. ಸ್ಮೃತಿ ತನ್ನ ಅಜ್ಜಿಯ ಕಾಲಿಗೆ ಬೂಟಿನ ದಾರ ಕಟ್ಟುತ್ತಿದ್ದಾಳೆ.

ಗಣಪಿ ಗರಟೆಯನ್ನು ಎತ್ತಿಕೊಂಡು ಒಮ್ಮೆ ಅಲುಗಿಸಿ ನೋಡುತ್ತಾರೆ. ಆಮೇಲೆ ತೆರೆದ ಗೇಟಿಗೆ ಬೆನ್ನು ಕೊಟ್ಟು, ಹೊಸ್ತಿಲಲ್ಲಿ ಕೂರುವಂತೆ, ದಾರಿಯ ನಡುವೆ ಕೂತುಬಿಡುತ್ತಾರೆ.

"ನಾಳೆದು ನಾಳೆಗಾತು. ಇವತ್ತು ಹದಿನಾರು ಜನ ಒಳಗದಾರೆ. ನಾ ಹಾಕುದಿಲ್ಲ."